ಬೊಚ್ಚು ಬಾಯಿಯ ಮಾಮ್ಸ್

ರಾತ್ರಿ ಹತ್ತೂವರೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದೇನೆ. ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟು ಸುಮ್ನೆ ಒಂದು ಹಳೇ ವಿಡಿಯೋ ಹಾಕಿಕೊಂಡೆ. ಸ್ಟೇಜ್ ಮೇಲೆ ಒಬ್ಬ ಅಜ್ಜಿ. ಬೊಚ್ಚು ಬಾಯಿ, ಜೋತುಬಿದ್ದ ಟೋಪಿ, ನಮ್ಮ ನೈಟಿ ಥರದ ದೊಗಳೆ ಬಟ್ಟೆ, ಕಾಲಿಗಿಂತ ದೊಡ್ಡ ಶೂ. ಇನ್ನೂ ಮಾತೇ ಆಡಿಲ್ಲ, ಜನ ಆಗಲೇ ನಗುತ್ತಿದ್ದಾರೆ.

ಇವರು ಮಾಮ್ಸ್ ಮೇಬ್ಲಿ, ಸ್ಟೇಜ್ ಮೇಲೆ ಜೋಕ್ ಹೇಳಿ ನಗಿಸುತ್ತಿದ್ದ ಕಪ್ಪು ಕಲಾವಿದೆ. ಹುಟ್ಟಿದ್ದು 1890ರ ದಶಕದಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಬ್ರೆವಾರ್ಡ್ ಊರಲ್ಲಿ. ನಿಜವಾದ ಹೆಸರು ಲೊರೆಟಾ ಮೇರಿ ಐಕೆನ್. ಮೇಬ್ಲಿ ಅನ್ನೋದು ಹಳೇ ಪ್ರಿಯಕರನ ಹೆಸರು. ಅವನು ನನ್ನಿಂದ ಎಷ್ಟೋ ಕಿತ್ತುಕೊಂಡ, ನಾನು ಹೆಸರನ್ನಾದರೂ ಇಟ್ಟುಕೊಂಡೆ ಅನ್ನುತ್ತಿದ್ದರಂತೆ. ಒಳ್ಳೇ ಲೆಕ್ಕ, ಅಲ್ವಾ?

ಹದಿಹರೆಯದಲ್ಲೇ ಮನೆ ಬಿಟ್ಟು ಊರೂರು ಸುತ್ತುವ ತಂಡ ಸೇರಿದರು. ಕಪ್ಪು ಜನರಿಗೆ ಬೇರೆಯದೇ ಥಿಯೇಟರ್‌ಗಳಿದ್ದ ಕಾಲ ಅದು. 1939ರಲ್ಲಿ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಅಪೊಲೊ ಥಿಯೇಟರ್‌ಗೆ ಬಂದರು. ಅಲ್ಲಿ ಒಬ್ಬಳೇ ನಿಂತು ನಗಿಸಿದ ಮೊದಲ ಹೆಣ್ಣು ಇವರೇ.

ನನಗೆ ಜಾಸ್ತಿ ಹಿಡಿಸಿದ್ದು ಆ ವೇಷ. ಅದನ್ನು ಹಾಕಲು ಶುರುಮಾಡಿದಾಗ ಇವರಿಗೆ ಮುಪ್ಪು ಬಂದಿರಲೇ ಇಲ್ಲ. ತಮ್ಮ ಅಜ್ಜಿಯನ್ನು ನೆನೆದು ಕಟ್ಟಿದ ಪಾತ್ರ. ಪ್ರಾಯದ ಕಪ್ಪು ಹೆಂಗಸು ಗಂಡಸರ ಬಗ್ಗೆ, ಬಿಳಿಯರ ಬಗ್ಗೆ ಬಾಯಿಬಿಟ್ಟರೆ ಜನ ಸುಮ್ಮನಿರುತ್ತಿದ್ದರೇ? ಹಲ್ಲಿಲ್ಲದ ಮುದುಕಿ ಅಂದರೆ ನಗುತ್ತಾರೆ, ಕೇಳಿಸಿಕೊಳ್ಳುತ್ತಾರೆ. 'ಮುದುಕನಿಂದ ನನಗೆ ಇರೋ ಉಪಯೋಗ ಒಂದೇ, ಯಾವನಾದರೂ ಹುಡುಗನ ಸಂದೇಶ ತಂದುಕೊಡಬೇಕು' ಅನ್ನೋದು ಇವರ ಹೆಸರಾಂತ ಜೋಕ್. ಸ್ಟೇಜ್ ಇಳಿದರೆ ನೈಟಿಯೂ ಇಲ್ಲ, ಟೋಪಿಯೂ ಇಲ್ಲ. ಗಂಡಸರ ಸೂಟು ಹಾಕುತ್ತಿದ್ದರು. ಹೆಂಗಸರನ್ನು ಪ್ರೀತಿಸುತ್ತಿದ್ದರು. ಜೊತೆ ಕಲಾವಿದರಿಗೆಲ್ಲ ಅದು ಗೊತ್ತಿತ್ತು.

ಬಿಳಿಯರ ಅಮೆರಿಕ ಇವರನ್ನು ಕಂಡಿದ್ದು ತೀರಾ ತಡವಾಗಿ. ನ್ಯೂಯಾರ್ಕ್‌ನ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ 1962ರಲ್ಲಿ, ಟಿವಿಯಲ್ಲಿ 1967ರಲ್ಲಿ. ಅಷ್ಟರಲ್ಲಿ ವೇಷದ ವಯಸ್ಸೇ ನಿಜವಾದ ವಯಸ್ಸೂ ಆಗಿತ್ತು. ನಾಯಕಿಯಾಗಿ ಸಿನಿಮಾ ಮಾಡುವಾಗ ಹೃದಯಾಘಾತವಾಯಿತು. ಪೇಸ್‌ಮೇಕರ್ ಹಾಕಿಸಿಕೊಂಡು ಸೆಟ್‌ಗೆ ವಾಪಸ್ ಬಂದು ಮುಗಿಸಿಕೊಟ್ಟರು. ಅದು ಬಿಡುಗಡೆಯಾಗಿದ್ದು 1974ರಲ್ಲಿ, ಇವರು ತೀರಿಕೊಂಡಿದ್ದು 1975ರಲ್ಲಿ.

ಈಗ ಇನ್ನೊಂದು ವಿಡಿಯೋ ಹಾಕಿದೆ. ಲಿಂಕನ್, ಕೆನಡಿ, ಮಾರ್ಟಿನ್ ಲೂಥರ್ ಕಿಂಗ್, ಕೊಲೆಯಾದವರನ್ನೆಲ್ಲ ನೆನೆಯುವ ಹಾಡು. 1969ರಲ್ಲಿ ಇವರ ದನಿಯಲ್ಲಿ ಅದು ಅಮೆರಿಕದ ಟಾಪ್ ನಲವತ್ತರೊಳಗೆ ಬಂತು. ಅದೇ ಬೊಚ್ಚು ಬಾಯಿ, ಅದೇ ಗೊಗ್ಗರು ದನಿ. ಜೋಕ್ ಬರುತ್ತೆ ಅಂತ ಕಾಯುತ್ತಿದ್ದೆ, ಬರಲೇ ಇಲ್ಲ. ಅವರೆಕಾಯಿ ಕೈಯಲ್ಲೇ ಉಳಿಯಿತು.