ಮುಟ್ಟೋಕ್ ಮುಂಚೆ

ಎಲ್ಲರಿಗೂ ನಮಸ್ಕಾರ. ನಾನು 26 ವರ್ಷ ಸ್ಟಾಫ್ ನರ್ಸ್ ಆಗಿದ್ದೋಳು, ಅದ್ರಲ್ಲಿ ಕೊನೇ 8 ವರ್ಷ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಅಂತ ಕೈಯಲ್ಲೊಂದು ಹಾಳೆ ಹಿಡ್ಕೊಂಡು ವಾರ್ಡಿಂದ ವಾರ್ಡಿಗೆ ಸುತ್ತಿ, ಯಾರು ಯಾವಾಗ ಕೈ ತೊಳೀತಾರೆ, ಯಾವಾಗ ಬಿಡ್ತಾರೆ ಅಂತ ಬರ್ಕೊಳ್ಳೋದೇ ನನ್ ಕೆಲಸ. ಇವತ್ತು ಡ್ಯೂಟಿಗೆ ಹೊರಡ್ತಾ ಇರೋ, ಇಲ್ಲಾ ಈಗಷ್ಟೇ ನೈಟ್ ಮುಗಿಸಿ ಬಂದು ಕಾಫಿ ಕುಡೀತಾ ರೇಡಿಯೋ ಕೇಳ್ತಾ ಇರೋ ಸಿಸ್ಟರ್‌ಗಳು, ಡಾಕ್ಟ್ರು, ಲ್ಯಾಬ್‌ನೋರು, ಆಯಾಗಳು, ಆಶಾ ಕಾರ್ಯಕರ್ತೆಯರು, ನಿಮ್ ಹತ್ರಾನೇ ಮಾತಾಡ್ಬೇಕು ಅಂತ ಬಂದಿದೀನಿ.

ಆ ಹಾಳೆ ತಿರುವಿದಾಗೆಲ್ಲ ಒಂದು ವಿಷಯ ಕಣ್ಣಿಗೆ ಹೊಡೀತಿತ್ತು. ಪೇಷೆಂಟ್ ಮುಟ್ಟಿದ್ ಮೇಲೆ ಕೈ ತೊಳೆಯೋರು ತುಂಬ ಜನ, ಮುಟ್ಟೋಕ್ ಮುಂಚೆ ತೊಳೆಯೋರು ಕಮ್ಮಿ. ಕೀವು, ರಕ್ತ ತಾಗಿದ್ರೆ ಯಾರೂ ಹೇಳ್ಕೊಡ್ಬೇಕಾಗಿಲ್ಲ, ಅಸಹ್ಯ ಆಗತ್ತೆ, ಓಡ್ಹೋಗಿ ಉಜ್ಕೋತೀವಿ. ಆದ್ರೆ ಕೇಸ್ ಶೀಟ್ ಬರೆದು, ಫೋನ್ ತೆಗೆದು ನೋಡಿ, ಸ್ಕ್ರೀನ್ ಎಳೆದು, ಹಾಗೇ ಹೋಗಿ ಪೇಷೆಂಟ್ ರಕ್ತನಾಳಕ್ಕೆ ಹಾಕಿರೋ ಸಣ್ಣ ನಳಿಕೆ, ಆ ಕ್ಯಾನುಲಾ ಮುಟ್ತೀವಲ್ಲ, ಆಗ ಕೈ ನೋಡೋಕೆ ಚೆನ್ನಾಗೇ ಇರತ್ತೆ, ಅದಕ್ಕೇ ನೆನಪೇ ಆಗಲ್ಲ. ಕ್ಯಾನುಲಾ ಅಂದ್ರೆ ನೇರ ರಕ್ತಕ್ಕೇ ದಾರಿ, ಅಲ್ಲಿಗೆ ಕ್ರಿಮಿ ಹೋದ್ರೆ ಕಷ್ಟ ಪಡೋದು ಮಲಗಿರೋ ಜೀವ.

ನರ್ಸಿಂಗ್ ಓದ್ದೋರಿಗೆ ಆಸ್ಟ್ರಿಯಾ ದೇಶದ ವಿಯೆನ್ನಾ ಆಸ್ಪತ್ರೆ ಕತೆ ಗೊತ್ತಿರತ್ತೆ, ಆದ್ರೂ ಹೇಳ್ತೀನಿ. ಅಲ್ಲಿ ಎರಡು ಹೆರಿಗೆ ವಿಭಾಗ, ಒಂದ್ರಲ್ಲಿ ಡಾಕ್ಟ್ರುಗಳು ಮೆಡಿಕಲ್ ಸ್ಟೂಡೆಂಟ್‌ಗಳು, ಇನ್ನೊಂದ್ರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟ್ರುಗಳ ಕಡೆ 100 ಬಾಣಂತಿಯರಲ್ಲಿ 11ಕ್ಕಿಂತ ಜಾಸ್ತಿ ಜನ ತೀರ್ಕೊಂಡ್ರು, ಸೂಲಗಿತ್ತಿಯರ ಕಡೆ 3ಕ್ಕಿಂತ ಕಮ್ಮಿ. ನನ್ನನ್ನ ಆ ಮೊದಲ್ನೇ ವಿಭಾಗಕ್ಕೆ ಹಾಕ್ಬೇಡಿ ಅಂತ ತುಂಬು ಬಸುರಿಯರು ಕೈ ಮುಗೀತಿದ್ರಂತೆ. ಇಗ್ನಾಝ್ ಸೆಮ್ಮೆಲ್ವೈಸ್ ಅನ್ನೋ ಯುವ ಡಾಕ್ಟ್ರು ಇದಕ್ಕೆ ಕಾರಣ ಹುಡುಕ್ತಾ ಇದ್ದಾಗ 1847ರಲ್ಲಿ ಅವರ ಸ್ನೇಹಿತರೊಬ್ರು, ಕೊಲೆಟ್‌ಶ್ಕಾ ಅಂತ, ಪೋಸ್ಟ್‌ಮಾರ್ಟಂ ಮಾಡೋವಾಗ ಬೆರಳಿಗೆ ಚಾಕು ತಾಗಿ ತೀರ್ಕೊಂಡ್ರು, ಅವರ ದೇಹ ತೆರೆದು ನೋಡಿದ್ರೆ ಬಾಣಂತಿ ಜ್ವರ ಬಂದು ತೀರ್ಕೊಳ್ತಿದ್ದೋರಲ್ಲಿ ಕಾಣ್ತಿದ್ದ ಲಕ್ಷಣಗಳೇ. ಆಗ ಗೊತ್ತಾಯ್ತು ಸೆಮ್ಮೆಲ್ವೈಸ್ ಅವರಿಗೆ, ಡಾಕ್ಟ್ರುಗಳು ಶವ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರ್ತಿದಾರೆ, ಸೋಪಲ್ಲಿ ತೊಳೆದ್ರೂ ವಾಸನೆ ಹೋಗ್ತಿಲ್ಲ ಅಂತ. ಕ್ಲೋರಿನ್ ಸುಣ್ಣದ ನೀರಿಟ್ಟು, ಪೇಷೆಂಟ್ ಪರೀಕ್ಷೆ ಮಾಡೋಕ್ ಮುಂಚೆ ಇದ್ರಲ್ಲಿ ಕೈ ತೊಳೀಲೇಬೇಕು ಅಂತ ಕಟ್ಟುನಿಟ್ ಮಾಡಿದ್ರು. ಏಪ್ರಿಲ್‌ನಲ್ಲಿ 100ಕ್ಕೆ 18 ಇದ್ದ ಸಾವು ಜೂನ್ ಹೊತ್ತಿಗೆ 2ರ ಹತ್ರಕ್ಕೆ ಬಂತು. ಅವರು ಮಾಡ್ಸಿದ್ದೂ ಮುಂಚೆ ತೊಳೆಯೋದನ್ನೇ ನೋಡಿ.

ಈಗ ವಿಶ್ವ ಆರೋಗ್ಯ ಸಂಸ್ಥೆ ಕೈ ಶುಚಿ ಮಾಡೋಕೆ 5 ಸಂದರ್ಭ ಹೇಳತ್ತೆ. ಪೇಷೆಂಟ್ ಮುಟ್ಟೋಕ್ ಮುಂಚೆ, ಇಂಜೆಕ್ಷನ್ ಡ್ರೆಸಿಂಗ್ ಥರದ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ಇಂಥದ್ದು ತಾಗೋ ಕೆಲಸ ಆದ್ಮೇಲೆ, ಪೇಷೆಂಟ್ ಮುಟ್ಟಿದ್ ಮೇಲೆ, ಆಮೇಲೆ ಅವರ ಮಂಚ, ಡ್ರಿಪ್ ಸ್ಟ್ಯಾಂಡು, ಲಾಕರ್ ಮುಟ್ಟಿದ್ ಮೇಲೆ. ಕೊನೇದು ಎಲ್ರೂ ಮರೆಯೋದು, ಪೇಷೆಂಟ್‌ನ ಮುಟ್ಟೇ ಇಲ್ವಲ್ಲ ಅಂತೀವಿ, ಮಂಚದ ಕಂಬಿ ಹಿಡ್ಕೊಂಡೇ ನಿಂತಿರ್ತೀವಿ.

ಗ್ಲೌಸ್ ವಿಷಯ. ನಾನು ಹೊಸದಾಗಿ ಸೇರಿದ್ದ ಕಾಲ, ಸರ್ಜಿಕಲ್ ವಾರ್ಡು, 4ನೇ ಬೆಡ್ ಡ್ರೆಸಿಂಗ್ ಮುಗಿಸಿ ಅದೇ ಗ್ಲೌಸಲ್ಲಿ 5ನೇ ಬೆಡ್ಡಿಗೆ ಹೆಜ್ಜೆ ಇಟ್ಟೆ, ಕೆಲಸ ತುಂಬ ಇತ್ತು, ಇಬ್ರೇ ಇದ್ವಿ. ಸೀನಿಯರ್ ಸಿಸ್ಟರ್ ಬಂದು ನನ್ ಮಣಿಕಟ್ಟು ಹಿಡ್ಕೊಂಡ್ರು. "ಈ ಗ್ಲೌಸ್ ನಿನ್ ಕೈ ಕಾಪಾಡ್ತು ಕಣೇ, ಅವಳ್ನ ಯಾರು ಕಾಪಾಡ್ತಾರೆ?" ಅಂದ್ರು, ಮೆಲ್ಲಗೇ ಅಂದ್ರು, ಪೇಷೆಂಟಿಗೆ ಕೇಳ್ಸದ ಹಾಗೆ. ಇವತ್ತಿಗೂ ಆ ಹಿಡಿತ ನನ್ ಕೈ ಮೇಲಿದೆ. ಗ್ಲೌಸಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಿಚ್ಚೋವಾಗ ಹೊರಗಿನ ಕೊಳೆ ಕೈಗೆ ತಾಗತ್ತೆ, ಹಾಗಾಗಿ ಹಾಕೋಕ್ ಮುಂಚೇನೂ, ಬಿಚ್ಚಿದ್ ಮೇಲೂ ಕೈ ಶುಚಿ ಮಾಡ್ಲೇಬೇಕು.

ಹೇಗೆ ತೊಳೆಯೋದು ಅಂತ ಟ್ರೈನಿಂಗ್‌ನಲ್ಲಿ ನಾನೊಂದು ಆಟ ಆಡಿಸ್ತಿದ್ದೆ. ಗ್ಲೌಸ್ ಹಾಕ್ಸಿ, ಅಂಗೈಗೆ ಒಂದಿಷ್ಟು ನೀಲಿ ಪೇಂಟ್ ಹಾಕಿ, ಕಣ್ಣಿಗೆ ಕರ್ಚೀಫ್ ಕಟ್ಟಿ, ದಿನಾ ಹೇಗೆ ತೊಳೀತೀರೋ ಹಾಗೇ ಉಜ್ಜಿ ಅಂತಿದ್ದೆ. ಕಣ್ಣು ಬಿಚ್ಚಿ ನೋಡಿದ್ರೆ ಅಂಗೈ ಪೂರ್ತಿ ನೀಲಿ, ಹೆಬ್ಬೆರಳು ಮಾತ್ರ ಬೆಳ್ಳಗೆ ಎದ್ದು ನಿಂತಿರೋದು, ಬೆರಳ ತುದಿಗಳೂ ಬೆಳ್ಳಗೆ. ನೀಲಿ ತಾಗದ ಜಾಗ ಅಂದ್ರೆ ದಿನಾ ಸೋಪೂ ತಾಗದ ಜಾಗ. ನಾವು ಸೂಜಿ ಹಿಡಿಯೋದು ಆ ಹೆಬ್ಬೆರಳಲ್ಲಿ, ನಾಡಿ ನೋಡೋದು ಆ ಬೆರಳ ತುದಿಯಲ್ಲಿ. ಹಾಗಾಗಿ ಅಂಗೈ, ಕೈ ಹಿಂಭಾಗ, ಬೆರಳ ಸಂದಿ ಆದ್ಮೇಲೆ ಹೆಬ್ಬೆರಳನ್ನ ಇನ್ನೊಂದು ಮುಷ್ಟಿಯಲ್ಲಿ ಹಿಡ್ಕೊಂಡು ತಿರುವಿ ತಿರುವಿ ಉಜ್ಜಿ, ಬೆರಳ ತುದಿಗಳನ್ನ ಒಟ್ಟು ಮಾಡಿ ಅಂಗೈ ಮೇಲೆ ಗುಂಡಗೆ ತಿರುಗ್ಸಿ. ಹ್ಯಾಂಡ್ ರಬ್, ಅಂದ್ರೆ ಆಲ್ಕೋಹಾಲ್ ಇರೋ ಸ್ಯಾನಿಟೈಸರ್ ಆದ್ರೆ ಒಂದು ಅಂಗೈ ತುಂಬ ತಗೊಂಡು 20ರಿಂದ 30 ಸೆಕೆಂಡ್, ತಾನಾಗೇ ಆರೋವರ್ಗೂ. ಸೋಪು ನೀರಾದ್ರೆ ಎಲ್ಲ ಸೇರಿ 40ರಿಂದ 60 ಸೆಕೆಂಡ್. ಕೈ ಕಣ್ಣಿಗೆ ಕಾಣೋ ಹಾಗೆ ಕೊಳೆ ಆಗಿದ್ರೆ, ಇಲ್ಲಾ ಸಿ ಡಿಫ್ ಅನ್ನೋ ಬ್ಯಾಕ್ಟೀರಿಯಾದಿಂದ ಭೇದಿ ಆಗ್ತಿರೋ ಪೇಷೆಂಟ್ ನೋಡಿದ್ರೆ ಸೋಪು ನೀರೇ ಬೇಕು, ಆ ಬ್ಯಾಕ್ಟೀರಿಯಾದ ಗಟ್ಟಿ ಚಿಪ್ಪಿನ ಬೀಜದಂಥ ಸ್ಪೋರ್‌ಗಳನ್ನ ಆಲ್ಕೋಹಾಲ್ ಕೊಲ್ಲಲ್ಲ.

ಬಳೆ ಉಂಗುರದ ಮಾತು ಹೇಳೋಕೆ ಕಷ್ಟ. ಮುತ್ತೈದೆ ಬರಿಗೈಲಿ ಇರ್ಬಾರ್ದು ಅಂತ ನಮ್ಮತ್ತೇನೂ ಬೇಜಾರ್ ಮಾಡ್ಕೊಂಡಿದ್ರು, ಅವರ ಮನಸ್ಸೂ ನೋಯಿಸೋಕಾಗಲ್ಲ. ನಾನೊಂದು ಡಬ್ಬಿ ಬ್ಯಾಗಲ್ಲಿ ಇಟ್ಕೊಂಡಿರ್ತಿದ್ದೆ, ಡ್ಯೂಟಿ ರೂಮಲ್ಲಿ ಬಳೆ ಬಿಚ್ಚಿ ಅದಕ್ಕೆ ಹಾಕಿ, ಮನೆಗೆ ಹೊರಡೋವಾಗ ಮತ್ತೆ ತೊಟ್ಕೊಳ್ಳೋದು. ಬಳೆ ಕೆಳಗೆ ನೀರೂ ಹೋಗಲ್ಲ ಸೋಪೂ ಹೋಗಲ್ಲ, ಉದ್ದ ಉಗುರಿನ ಒಳಗೂ ಅದೇ ಕತೆ.

ಇನ್ ಚಾರ್ಜ್‌ಗಳಿಗೆ, ಆಸ್ಪತ್ರೆ ನಡೆಸೋರಿಗೆ ಒಂದು ಮಾತು, ಇದು ನನ್ ಕೋರಿಕೆ. ವಾರ್ಡಿನ ಆ ತುದಿಯಲ್ಲಿ ಒಂದೇ ಸಿಂಕ್ ಇಟ್ಟು, ನಲ್ಲೀಲಿ ನೀರೂ ಬರ್ದೆ, 30 ಪೇಷೆಂಟಿಗೆ ಇಬ್ರು ಸಿಸ್ಟರ್ ಹಾಕಿ, ಕೈ ತೊಳೀಲಿಲ್ಲ ಅಂತ ಮೆಮೋ ಕೊಟ್ರೆ ಅದು ನ್ಯಾಯ ಅಲ್ಲ. ಜಿನೀವಾ ಆಸ್ಪತ್ರೇಲಿ ಡಿಡಿಯೆ ಪಿಟೆ ಅನ್ನೋ ಡಾಕ್ಟ್ರು ಮತ್ತವರ ತಂಡ ಹ್ಯಾಂಡ್ ರಬ್ ಬಾಟಲನ್ನ ಬೆಡ್ ಪಕ್ಕಕ್ಕೇ ತಂದಿಟ್ರು, ಜೊತೆಗೆ ಪೋಸ್ಟರ್ ಹಾಕಿ, ಆಗಾಗ ನೋಡಿ ಹೇಳ್ತಾ ಬಂದ್ರು. 1994ರಲ್ಲಿ 100ಕ್ಕೆ 48 ಸಲ ಕೈ ಶುಚಿ ಮಾಡ್ತಿದ್ದೋರು 1997ರಲ್ಲಿ 66ಕ್ಕೆ ಬಂದ್ರು, ಆಸ್ಪತ್ರೇಲೇ ಅಂಟೋ ಸೋಂಕು 1998ರ ಹೊತ್ತಿಗೆ 100 ಪೇಷೆಂಟಿಗೆ ಸುಮಾರು 17ರಿಂದ 10ಕ್ಕೆ ಇಳೀತು. ಬಾಟಲ್ ಕೈಗೆಟುಕೋ ಜಾಗದಲ್ಲಿಡಿ, ಖಾಲಿ ಆದ ದಿನಾನೇ ತುಂಬಿದ್ದು ತಂದಿಡಿ.

ಒಂದ್ಸಲ ಮಕ್ಕಳ ವಾರ್ಡಲ್ಲಿ, ಜ್ವರ ಬಂದಿದ್ದ ಕೂಸಿಗೆ ಇಂಜೆಕ್ಷನ್ ಕೊಡೋಕೆ ಹೋದೆ, ತೊಡೆ ಮೇಲೆ ಮಲಗಿಸ್ಕೊಂಡಿದ್ದ ಅಜ್ಜಿ ತಲೆ ಎತ್ತಿ "ಸಿಸ್ಟ್ರಮ್ಮ, ಕೈ ತೊಳ್ಕಂಡ್ರಾ?" ಅಂತು. ಪಕ್ಕದ ಬೆಡ್ಡಿನೋರೆಲ್ಲ ನನ್ನೇ ನೋಡಿದ್ರು, ನನ್ಗೆ ಮುಖಕ್ಕೆ ಹೊಡೆದ ಹಾಗಾಯ್ತು, ಯಾಕಂದ್ರೆ ತೊಳೆದಿರ್ಲಿಲ್ಲ. ಟ್ರೇ ಕೆಳಗಿಟ್ಟು, ಅಜ್ಜಿ ಎದುರಿಗೇ ನಿಂತು, ಹ್ಯಾಂಡ್ ರಬ್ ಹಾಕಿ, ಹೆಬ್ಬೆರಳು ಸಮೇತ ನಿಧಾನಕ್ಕೆ ಉಜ್ಕೊಂಡೆ. ಅಜ್ಜಿ ಅದನ್ನೇ ನೋಡ್ತಾ ಇದ್ದು, ತನ್ನ ಎರಡೂ ಕೈ ಮುಂದಕ್ಕೆ ಚಾಚಿ "ನನ್ಗೂ ವಸಿ ಹಾಕವ್ವ" ಅಂತು.