ಯಾರ ಯಾರ ನಡುವಿನ ಅಂತರ?

ಕೇಳುಗರಿಗೆ ನಮಸ್ಕಾರ. ಜಾಗತೀಕರಣದಿಂದ ಬಡವ-ಬಲ್ಲಿದರ ಅಂತರ ಜಾಸ್ತಿಯಾಯಿತೋ, ಕಡಿಮೆಯಾಯಿತೋ? ಈ ಮಾತು ಎತ್ತಿದರೆ ಸಾಕು, ಜಗಳ ಶುರು. ನಾನು ಹೇಳುವುದು ಇಷ್ಟೇ: ಅಂತರ ಅಂದ ಕೂಡಲೇ, ಯಾರ ಯಾರ ನಡುವಿನದು ಅಂತ ಕೇಳಿ. ದೇಶ ದೇಶಗಳ ನಡುವಿನದೋ, ಒಂದೇ ದೇಶದ ಒಳಗಿನದೋ?

ನನಗೆ ಬಹಳ ಇಷ್ಟದ ಕಥೆಯೊಂದಿದೆ. 1956ರ ಏಪ್ರಿಲ್. ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಳೇ ತೈಲದ ಹಡಗು ಹ್ಯೂಸ್ಟನ್‌ಗೆ ಹೊರಟಿತು. ಮೇಲೆ 58 ಲೋಹದ ಕಂಟೇನರ್‌ಗಳು. ಇದನ್ನು ಮಾಡಿಸಿದವರು ಮಾಲ್ಕಮ್ ಮೆಕ್ಲೀನ್, ಲಾರಿ ವ್ಯವಹಾರದ ಮನುಷ್ಯ. ಅಲ್ಲಿಯವರೆಗೆ ಚೀಲ, ಪೀಪಾಯಿ, ಮೂಟೆ, ಎಲ್ಲವನ್ನೂ ಹಮಾಲರು ಒಂದೊಂದಾಗಿ ಹಡಗಿನೊಳಗೆ ಜೋಡಿಸಬೇಕಿತ್ತು. ಟನ್ನಿಗೆ 5.86 ಡಾಲರ್ ಖರ್ಚು. ಮೆಕ್ಲೀನರ ಹಡಗಿಗೆ ಎಷ್ಟು ಬಿತ್ತು ಗೊತ್ತೇ? ಸುಮಾರು 16 ಸೆಂಟ್! ಕ್ರೇನ್ ಎತ್ತಿತು, ಇಟ್ಟಿತು, ಮುಗೀತು. ಸಾಗಣೆ ಅಗ್ಗವಾದ ಮೇಲೆ ಕಾರ್ಖಾನೆ ಗಿರಾಕಿಯ ಹತ್ತಿರವೇ ಇರಬೇಕಾದ್ದೇನಿದೆ? ಕೂಲಿ ಕಡಿಮೆ ಇರುವ ಕಡೆಗೆ ಹೊರಟವು. ಚೀನಾದ ಹಳ್ಳಿ ಹುಡುಗಿಗೆ ಹೊಲಿಗೆ ಕಾರ್ಖಾನೆಯಲ್ಲಿ ಸಂಬಳ ಸಿಕ್ಕಿತು. ನ್ಯೂಯಾರ್ಕ್ ಬಂದರಿನ ಹಮಾಲನ ಕೆಲಸ ಹೋಯಿತು. ಈಗ ಹೇಳಿ, ಅಂತರ ಏನಾಯಿತು? ಚೀನಾ-ಅಮೆರಿಕಗಳ ನಡುವೆ ಕಡಿಮೆ. ಅಮೆರಿಕದ ಒಳಗೆ ಜಾಸ್ತಿ. ಚೀನಾದ ಒಳಗೂ ಜಾಸ್ತಿ, ಕಾರ್ಖಾನೆ ಸೇರಿದವರು ಮುಂದೆ ಹೋದರು, ಹಳ್ಳಿಯಲ್ಲೇ ಉಳಿದವರು ಹಿಂದೆ ಬಿದ್ದರು. ಅದಕ್ಕೇ ಹೇಳಿದ್ದು, ಯಾರ ಯಾರ ನಡುವೆ ಅಂತ ಮೊದಲು ಕೇಳಿ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅರ್ಥಶಾಸ್ತ್ರಜ್ಞ ಬ್ರಾಂಕೋ ಮಿಲನೋವಿಚ್ 1988ರಿಂದ 2008ರವರೆಗೆ ಜಗತ್ತಿನ ಜನರನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿಟ್ಟು, ಯಾರ ಆದಾಯ ಎಷ್ಟೆಷ್ಟು ಏರಿತು ಅಂತ ಗೆರೆ ಎಳೆದು ತೋರಿಸಿದರು; ಗೆರೆ ಎತ್ತರವಿದ್ದ ಕಡೆ ಏರಿಕೆ ಜಾಸ್ತಿ. ನೋಡಲು ಥೇಟ್ ಆನೆ. ಬೆನ್ನಿನ ಮೇಲೆ ಏಷ್ಯಾದ ಮಧ್ಯಮ ವರ್ಗ, ಎತ್ತಿದ ಸೊಂಡಿಲ ತುದಿಯಲ್ಲಿ ಅತಿ ಶ್ರೀಮಂತರು. ಇಬ್ಬರಿಗೂ ಸುಗ್ಗಿ. ಸೊಂಡಿಲು ತಗ್ಗಿದ ಕಡೆ ಶ್ರೀಮಂತ ದೇಶಗಳ ಕೆಳ ಮಧ್ಯಮ ವರ್ಗ, ಅವರ ಆದಾಯ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಚರ್ಚೆಗೆ ಬರುವವರು ಒಬ್ಬರು ಬೆನ್ನು ಹಿಡಿದು ಕೂಗುತ್ತಾರೆ, ಇನ್ನೊಬ್ಬರು ಸೊಂಡಿಲು ಹಿಡಿದು. ಕೇಳಿ ಕೇಳಿ ಸಾಕಾಗಿದೆ!

ಹಾಗಾದರೆ ವ್ಯಾಪಾರದ ಬಾಗಿಲು ಮುಚ್ಚೋಣವೇ? ಬೇಡ ಸ್ವಾಮಿ. ಡೆನ್ಮಾರ್ಕ್ ನೋಡಿ. ದೇಶದ ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಅಮೆರಿಕಕ್ಕಿಂತ ಎಷ್ಟೋ ಜಾಸ್ತಿ ವಿದೇಶಿ ವ್ಯಾಪಾರ ಅದರದು. ಆದರೂ ಒಳಗಿನ ಅಂತರ ಅಮೆರಿಕಕ್ಕಿಂತ ಕಡಿಮೆ. ತೆರಿಗೆ ಭಾರೀ, ನಿಜ. ಆದರೆ ಕೆಲಸ ಹೋದವನಿಗೆ ಭತ್ಯೆ ಉಂಟು, ಹೊಸ ಕೆಲಸ ಕಲಿಯಲು ತರಬೇತಿ ಉಂಟು. ಇದೊಂದರ ಬಗ್ಗೆಯೇ ಗಂಟೆಗಟ್ಟಲೆ ಹೇಳಬಹುದಿತ್ತು, ಆದರೆ ಸಮಯ ಮುಗಿಯಿತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.