ಗೋಲಿಗೆ ಯಾರು ನಿಲ್ತೀರಿ?

ಕೇಳುಗರಿಗೆ ನಮಸ್ಕಾರ.

ಮಕ್ಕಳ ಹಾಕಿ ಅಭ್ಯಾಸದಲ್ಲಿ "ಗೋಲಿಗೆ ಯಾರು ನಿಲ್ತೀರಿ?" ಅಂತ ಕೇಳಿ ನೋಡಿ. ಒಬ್ಬ ಬೂಟಿನ ಲೇಸು ಕಟ್ಟಲು ಬಗ್ಗುತ್ತಾನೆ, ಇನ್ನೊಬ್ಬಳಿಗೆ ಆಗಲೇ ಬಾಯಾರಿಕೆ. ಕೊನೆಗೆ ಓಡಲಾರದ ಹುಡುಗನನ್ನೋ ತಡವಾಗಿ ಬಂದ ಹುಡುಗಿಯನ್ನೋ ಅಲ್ಲಿಗೆ ತಳ್ಳುತ್ತೇವೆ. ಅದು ಶಿಕ್ಷೆಯ ಜಾಗ ಅಂತ ಮಕ್ಕಳಿಗೆ ತೋರಿಸಿಕೊಟ್ಟವರು ನಾವೇ. ಚೆಂಡಿನ ಭಯವೆಲ್ಲ ಆಮೇಲಿನದು.

ಅದಕ್ಕೇ ಎಂಟೊಂಬತ್ತು ವರ್ಷದವರೆಗೆ ಖಾಯಂ ಗೋಲ್‌ಕೀಪರ್ ಬೇಡ. ಎಲ್ಲರಿಗೂ ಸರದಿ ಇರಲಿ, ಒಬ್ಬೊಬ್ಬರಿಗೆ ಐದು ನಿಮಿಷ ಸಾಕು. ಸರದಿ ಶುರುವಾಗುವುದು ಮಾತ್ರ ತಂಡದ ಅತಿ ಚುರುಕಿನ ಮಗುವಿನಿಂದಲೇ ಆಗಲಿ. ಪ್ಯಾಡು, ಹೆಲ್ಮೆಟ್, ಗ್ಲೌಸ್ ಎಲ್ಲ ಸೇರಿದ ಗೋಲ್‌ಕೀಪರ್ ಕಿಟ್ಟನ್ನು ಐದು ನಿಮಿಷಕ್ಕೊಮ್ಮೆ ಬಿಚ್ಚಿ ತೊಡಿಸುವುದು ಆಗದ ಮಾತು. ಹಾಗಾಗಿ ಈ ಆಟಕ್ಕೆ ಟೆನಿಸ್ ಚೆಂಡು ಬಳಸಿ. ಮೂರು ಮೀಟರ್ ದೂರದಿಂದ ಕೈಯಲ್ಲೇ ಉರುಳಿಸಿ. ಚೆಂಡು ನೆಲ ಬಿಟ್ಟು ಏಳಬಾರದು, ಮಗು ಅದನ್ನು ಕಾಲಿನಿಂದಲೇ ತಡೆಯಬೇಕು. ನಿಜವಾದ ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಮೈ ಕಲ್ಲಿನಂತೆ. ಪೂರ್ತಿ ಕಿಟ್ ಇಲ್ಲದ ಮಗುವಿನತ್ತ ಅದನ್ನು ಒಮ್ಮೆಯೂ ಹೊಡೆಯಬೇಡಿ. ಮೊಣಕಾಲಿಗೆ ಒಂದು ಪೆಟ್ಟು ಬಿದ್ದರೆ ಆ ಮಗು ಗೋಲಿನ ಹತ್ತಿರ ಮತ್ತೆ ಸುಳಿಯುವುದಿಲ್ಲ.

ಇನ್ನು ಕಿಟ್. "ಬೆಳೆಯುವ ಮಗು" ಅಂತ ದೊಡ್ಡ ಅಳತೆಯದನ್ನು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಶಾಲೆಯ ಅಂಗಿ ದೊಡ್ಡದಾದರೆ ಮಡಚಿ ಹೊಲಿಯಬಹುದು, ಪ್ಯಾಡನ್ನು ಮಡಚಲಾಗದು. ದೊಡ್ಡ ಪ್ಯಾಡ್ ಹಾಕಿಕೊಂಡ ಮಗು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಪ್ಯಾಡಿಗೆ ಪ್ಯಾಡ್ ಬಡಿದು ಮುಗ್ಗರಿಸುತ್ತದೆ. ನಾವು ಅದನ್ನು ನಿಧಾನದ ಮಗು ಅಂದುಕೊಳ್ಳುತ್ತೇವೆ!

ತೊಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹೊಟ್ಟೆಯ ಕೆಳಗಿನ ಗಾರ್ಡ್, ಅದರ ಮೇಲೆ ದಪ್ಪನೆಯ ಚಡ್ಡಿ. ಆಮೇಲೆ ಬೂಟಿನ ಮೇಲೆ ಕಿಕ್ಕರ್, ಅಂದರೆ ಪಾದ ಕಾಯುವ ದಪ್ಪನೆಯ ಹೊದಿಕೆ, ಅದರ ಮೇಲೆ ಕಾಲಿನ ಪ್ಯಾಡ್. ಬಕಲ್‌ಗಳು ಕಾಲಿನ ಹೊರಬದಿಗೆ ಬರಬೇಕು. ಒಳಬದಿಗೆ ಬಂದರೆ ಎರಡು ಕಾಲಿನವೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಂಗಾಲಿನ ಕೆಳಗೆ ಹಾಯುವ ಪಟ್ಟಿ ಸಡಿಲವಾದರೆ ಕಿಕ್ಕರ್ ತಿರುಗಿ, ಪೆಟ್ಟು ಬೂಟಿಗೇ ಬೀಳುತ್ತದೆ. ನಂತರ ಎದೆ ಮತ್ತು ತೋಳಿನ ಗಾರ್ಡ್, ಕುತ್ತಿಗೆಯದು, ಅಂಗಿ, ಹೆಲ್ಮೆಟ್, ಕೊನೆಗೆ ಗ್ಲೌಸ್. ಗ್ಲೌಸ್ ಮೊದಲು ಹಾಕಿಕೊಂಡ ಮಗು ಮತ್ತೇನನ್ನೂ ಹಾಕಿಕೊಳ್ಳಲಾರದು. ಹೆಲ್ಮೆಟ್ ಹಾಕಿದ ಮೇಲೆ "ಇಲ್ಲ ಇಲ್ಲ" ಅನ್ನುವಂತೆ ತಲೆ ಆಡಿಸಲು ಹೇಳಿ. ತಲೆಯೊಂದೇ ತಿರುಗಿ ಹೆಲ್ಮೆಟ್ ನಿಂತಲ್ಲೇ ನಿಂತರೆ ಅದು ದೊಡ್ಡದು.

ನಿಲ್ಲುವ ಭಂಗಿ ಸುಲಭ. ಕಾಲುಗಳ ನಡುವೆ ಭುಜದಷ್ಟು ಅಂತರ, ಮಂಡಿ ಬಾಗಿರಲಿ, ಭಾರ ಮುಂಗಾಲಿನ ಮೇಲಿರಲಿ. ಬಲಗೈಯಲ್ಲಿ ಸ್ಟಿಕ್, ಎಡಗೈ ಬಿಚ್ಚಿ ಪಕ್ಕದಲ್ಲಿ. ಒದೆಯುವಾಗ ಮೂಗು, ಮಂಡಿ, ಚೆಂಡು ಒಂದೇ ನೇರದಲ್ಲಿರಬೇಕು. ಮೈ ಹಿಂದಕ್ಕೆ ವಾಲಿದರೆ ಚೆಂಡು ಮೇಲಕ್ಕೆ ಹಾರಿ ಎದುರಿಗಿರುವವರಿಗೆ ಅಪಾಯ. ಕಾಲು ನೇರ ಇಟ್ಟು ತಡೆದರೆ ಚೆಂಡು ಪುಟಿದು ಎದುರಾಳಿ ಫಾರ್ವರ್ಡ್‌ನ ಸ್ಟಿಕ್ಕಿಗೇ ಹೋಗುತ್ತದೆ. ಪಾದವನ್ನು ಚೂರು ಓರೆ ಮಾಡಿ ಬದಿಗೆ ಕಳಿಸುವುದನ್ನು ಕಲಿಸಿ.

ಒಂದು ಮಾತು ಕ್ರಿಕೆಟ್ ನೋಡಿ ಬೆಳೆದವರಿಗೆ. ಹೊರಗಿನಿಂದ "ಹಿಡಿಯೋ, ಹಿಡಿಯೋ" ಅಂತ ಕೂಗಬೇಡಿ. ಹಾಕಿಯಲ್ಲಿ ಗೋಲ್‌ಕೀಪರ್ ಚೆಂಡು ಹಿಡಿಯುವ ಆಟಗಾರನಲ್ಲ. ಗೋಲಿನ ಮುಂದೆ ಅರ್ಧವೃತ್ತದಂತೆ ಗೆರೆ ಎಳೆದ ಜಾಗವೇ ಡಿ. ಅದರ ಒಳಗೆ ಕೈಯಿಂದ ತಡೆಯಬಹುದು, ಗೋಲು ತಪ್ಪಿಸಲು ಆಚೆ ತಳ್ಳಬಹುದು. ಚೆಂಡಿನ ಮೇಲೆ ಮಲಗುವಂತಿಲ್ಲ. ಡಿ ಹೊರಗೆ ಸ್ಟಿಕ್ ಬಿಟ್ಟು ಬೇರೇನೂ ಬಳಸುವಂತಿಲ್ಲ.

ಮಕ್ಕಳ ಕಣ್ಣು ಅರಳುವುದು ಹಗ್ಗದ ಪಾಠದಲ್ಲಿ. ಗೋಲಿನ ಎರಡು ಕಂಬಗಳ ಬುಡಕ್ಕೆ ಒಂದೊಂದು ಹಗ್ಗ ಕಟ್ಟಿ. ನಡುವಿನಿಂದ ನೇರ ಏಳು ಮೀಟರ್ ಮುಂದೆ ಒಂದು ಚೆಂಡಿಟ್ಟು ಎರಡೂ ತುದಿಗಳನ್ನು ಅಲ್ಲಿಗೆ ಎಳೆದು ತನ್ನಿ. ಮಗುವನ್ನು ಗೋಲಿನ ಗೆರೆಯ ಮೇಲೆ ನಿಲ್ಲಿಸಿದರೆ ಹಗ್ಗಗಳ ನಡುವೆ 3.66 ಮೀಟರ್, ಅಂದರೆ ಇಡೀ ಗೋಲು ಅದು ಕಾಯಬೇಕು. ಈಗ ಎರಡು ಮೀಟರ್ ಮುಂದೆ ಬರಲು ಹೇಳಿ. ಹಗ್ಗಗಳ ನಡುವೆ ಉಳಿಯುವುದು 2.6 ಮೀಟರ್ ಮಾತ್ರ. ತಾನು ಬೆಳೆಯದೆಯೇ ಗೋಲು ಚಿಕ್ಕದಾಯಿತಲ್ಲ ಅಂತ ಮಗು ತಾನೇ ಕಂಡುಕೊಳ್ಳುತ್ತದೆ. ತೀರಾ ಮುಂದೆ ಹೋದರೆ ಏನಾಗುತ್ತದೆ ಅಂತಲೂ ತೋರಿಸಿ. ಚೆಂಡನ್ನು ಪಕ್ಕದವನಿಗೆ ಪಾಸ್ ಮಾಡಿ, ಗೋಲು ಖಾಲಿ.

ಅಭ್ಯಾಸ ಕೆಡುವುದು ಹೆಚ್ಚಾಗಿ ಸಾಲು ನಿಂತು ಹೊಡೆಯುವಾಗ. ಒಂದು ಚೆಂಡು ತಡೆದು ಮಗು ಇನ್ನೂ ಎದ್ದಿರುವುದಿಲ್ಲ, ಮುಂದಿನದು ಬಂದಿರುತ್ತದೆ. ಗೋಲ್‌ಕೀಪರ್ "ರೆಡಿ" ಅನ್ನದೆ ಯಾರೂ ಹೊಡೆಯಬಾರದು. ಮೊದಲ ವಾರಗಳಲ್ಲಿ ನೆಲದ ಮೇಲೆ ತಳ್ಳಿದ ಚೆಂಡು ಮಾತ್ರ, ಬೀಸಿ ಹೊಡೆಯುವುದು ಬೇಡ. ಹತ್ತು ಚೆಂಡಾದ ಮೇಲೆ ಹೆಲ್ಮೆಟ್ ತೆಗೆಸಿ ನೀರು ಕುಡಿಸಿ. ಆ ಕಿಟ್ ಒಳಗಿನ ಸೆಕೆ ಹೊರಗಿನವರಿಗೆ ತಿಳಿಯುವುದಿಲ್ಲ.

ಗೋಲಾದಾಗ ಎಲ್ಲರೂ ತಿರುಗಿ ನೋಡುವುದು ಗೋಲ್‌ಕೀಪರನ್ನು. ಹನ್ನೊಂದು ಮಂದಿಯ ತಂಡದಲ್ಲಿ ಆ ಚೆಂಡು ಉಳಿದ ಹತ್ತು ಮಂದಿಯನ್ನು ದಾಟಿಯೇ ಬಂದಿರುತ್ತದೆ. 2021ರ ಆಗಸ್ಟ್ 5ರಂದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಿತು. ಕೊನೆಯ ಕ್ಷಣದಲ್ಲಿ ಜರ್ಮನಿಗೆ ಸಿಕ್ಕ ಪೆನಾಲ್ಟಿ ಕಾರ್ನರ್ ಹೊಡೆತವನ್ನು ತಡೆದ ಭಾರತದ ಗೋಲ್‌ಕೀಪರ್ ಶ್ರೀಜೇಶ್ ಎಲ್ಲರಿಗೂ ನೆನಪಿದ್ದಾರೆ. ಅದೇ ಪಂದ್ಯದಲ್ಲಿ ಅವರ ಹಿಂದೆ ನಾಲ್ಕು ಗೋಲು ಬಿದ್ದಿದ್ದವು. ಈ ಲೆಕ್ಕವನ್ನು ಮಗುವಿಗೆ ಹೇಳಿ. ಪಂದ್ಯ ಮುಗಿದ ಮೇಲೆ "ಎಷ್ಟು ಬಿಟ್ಟೆ?" ಅನ್ನುವ ಬದಲು ತಡೆದದ್ದನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದು ಕೊಡಿ.

ಮತ್ತೆ ಕಿಟ್ಟನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಬೇಡಿ. ನೆರಳಲ್ಲಿ, ಗಾಳಿ ಆಡುವ ಕಡೆ ಬಿಡಿಸಿಡಿ. ಗ್ಲೌಸಿನ ಬೆರಳುಗಳೇ ಕೊನೆಗೆ ಒಣಗುವುದು. ನಾಳೆ ಅದರೊಳಗೆ ಕೈ ಹಾಕಬೇಕಾದ ಮಗು ಮೊದಲು ಮೂಸಿ ನೋಡುತ್ತದೆ.

ನಮಸ್ಕಾರ.